ರಾಕೆಟ್ ಬಿದ್ದರೆ ನಮ್ಮ ತೋಟಕ್ಕೆಂತ?

2025ರ ಮೇ 18, ಆದಿತ್ಯವಾರ. ಬೆಳಗ್ಗೆ ಆರು ಗಂಟೆ ಹೊತ್ತಿಗೆ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ61 ಮೇಲೆದ್ದಿತು. ಮೊದಲೆರಡು ಹಂತ ಸರಿಯಾಗಿಯೇ ಉರಿದವು. ಮೂರನೆಯದರಲ್ಲಿ ಒತ್ತಡ ಇಳಿಯಿತು. ರಾಕೆಟೂ ಹೋಯಿತು, ಒಳಗಿದ್ದ ಉಪಗ್ರಹವೂ ಹೋಯಿತು.

ಮರುದಿನ ಮೈಲುತುತ್ತು ತರಲು ಸೊಸೈಟಿಗೆ ಹೋಗಿದ್ದೆ. ಜಗಲಿಯಲ್ಲಿ ಅದೇ ಸುದ್ದಿ. “ಕೋಟಿಗಟ್ಟಲೆ ದುಡ್ಡು ಸಮುದ್ರಕ್ಕೆ ಹಾಕಿದ್ರು ನೋಡಿ ಭಾವ. ಅದ್ರಲ್ಲಿ ನಮ್ಮ ರಸ್ತೆಗೆ ಡಾಮರಾದ್ರೂ ಹಾಕ್ಬಹುದಿತ್ತು” ಎಂದರು ನೆರೆಕರೆಯವರೊಬ್ಬರು. ಎಲ್ಲರೂ ನಕ್ಕರು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ಇದೇ ಜಗಲಿಯಲ್ಲಿ ಲಡ್ಡು ಹಂಚಿದವರೂ ಇವರೇ!

ನನಗೆ ನಗು ಬರಲಿಲ್ಲ. ಚಂದ್ರನ ಮೇಲೆ ಇಳಿದದ್ದು ಹೆಮ್ಮೆ, ಒಪ್ಪೋಣ. ಆದರೆ ನಮ್ಮ ತೋಟದ ಮಟ್ಟಿಗೆ ಹೇಳುವುದಾದರೆ, ಆ ದಿನ ಬಿದ್ದುಹೋದ ಉಪಗ್ರಹವೇ ಹೆಚ್ಚು ಬೇಕಾಗಿದ್ದದ್ದು. ಅದರ ಹೆಸರು ಇಒಎಸ್-09. ಭೂಮಿಯನ್ನು ರೇಡಾರಿನಿಂದ ನೋಡುವ ಉಪಗ್ರಹ.

ರೇಡಾರ್ ಯಾಕೆ ಮುಖ್ಯ ಎಂದರೆ, ಸಾಮಾನ್ಯ ಉಪಗ್ರಹದ ಕ್ಯಾಮರಾಕ್ಕೆ ಬಿಸಿಲು ಬೇಕು, ಮೋಡವಿಲ್ಲದ ಆಕಾಶ ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಕೆಳಗೆ ಅಂಥ ದಿನ ಎಷ್ಟು ಸಿಗುತ್ತದೆ? ಕೊಳೆರೋಗ ಬರುವುದು, ಗುಡ್ಡ ಜರಿಯುವುದು, ಗದ್ದೆ ಮುಳುಗುವುದು ಎಲ್ಲ ಆ ನಾಲ್ಕು ತಿಂಗಳಲ್ಲೇ. ಕಣ್ಣು ಬೇಕಾದ ಹೊತ್ತಿಗೇ ಕಣ್ಣಿಗೆ ಪೊರೆ. ರೇಡಾರ್ ಹಾಗಲ್ಲ. ತಾನೇ ಅಲೆ ಕಳಿಸಿ, ನೆಲಕ್ಕೆ ಬಡಿದು ವಾಪಸ್ ಬಂದದ್ದನ್ನು ಹಿಡಿದು ಚಿತ್ರ ಮಾಡುತ್ತದೆ. ಅದಕ್ಕೆ ಮೋಡವೂ ಅಡ್ಡಿಯಲ್ಲ, ರಾತ್ರಿಯೂ ಅಡ್ಡಿಯಲ್ಲ.

ಆ ನಷ್ಟದ ಬೆನ್ನಿಗೆ, 2025ರ ಜುಲೈ 30ರಂದು ದೊಡ್ಡ ರೇಡಾರ್ ಉಪಗ್ರಹವೊಂದು ಸರಿಯಾಗಿ ಮೇಲೆ ಹೋಯಿತು. ಇಸ್ರೋ ಮತ್ತು ಅಮೆರಿಕದ ನಾಸಾ ಸೇರಿ ಮಾಡಿದ ನಿಸಾರ್. ಹೊತ್ತೊಯ್ದದ್ದು ನಮ್ಮ ಜಿಎಸ್‌ಎಲ್‌ವಿ-ಎಫ್16. ತೂಕ 2,392 ಕಿಲೋ. ಕೊಡೆಯಂತೆ ಬಿಚ್ಚಿಕೊಳ್ಳುವ 12 ಮೀಟರ್ ಅಗಲದ ಬಲೆಯ ಆಂಟೆನಾ. 747 ಕಿ.ಮೀ. ಎತ್ತರದಲ್ಲಿ ಸುತ್ತುತ್ತ 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಮರಳಿ ಬರುತ್ತದೆ. ನೆಲ ಕೆಲವೇ ಸೆಂಟಿಮೀಟರ್ ಜಾರಿದರೂ ಎರಡು ಸಲದ ಚಿತ್ರ ಹೋಲಿಸಿ ಹಿಡಿಯಬಹುದು.

ಅದು ಹಾರಿದ ದಿನಕ್ಕೆ ಸರಿಯಾಗಿ ಒಂದು ವರ್ಷ ಹಿಂದೆ, 2024ರ ಜುಲೈ 30ರ ನಸುಕಿಗೆ, ವಯನಾಡಿನ ಗುಡ್ಡ ಕುಸಿದದ್ದು. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲದಲ್ಲಿ ಆದದ್ದನ್ನು ನಮ್ಮ ಕಡೆಯವರು ಮರೆತಿರಲಿಕ್ಕಿಲ್ಲ. ಒಂದೇ ರಾತ್ರಿಯಲ್ಲಿ ಕುಸಿಯುವ ಗುಡ್ಡವನ್ನು 12 ದಿನಕ್ಕೊಮ್ಮೆ ಬರುವ ಉಪಗ್ರಹ ತಡೆಯಲಾರದು. ಆದರೆ ವರ್ಷಗಟ್ಟಲೆ ನಿಧಾನಕ್ಕೆ ಜಾರುತ್ತಿರುವ ಗುಡ್ಡ ಯಾವುದು ಎಂದು ತೋರಿಸಬಲ್ಲದು. ಮನೆ ಕಟ್ಟುವವನಿಗೆ, ಗುಡ್ಡ ಅಗೆಸಿ ತೋಟ ಮಾಡುವವನಿಗೆ ಇಷ್ಟು ತಿಳಿದರೆ ಸಣ್ಣ ಉಪಕಾರವಾ?

ಇನ್ನೊಂದು ಸಂಗತಿ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಮೇಲಿನಿಂದ ಬೆಳೆ ನೋಡುವ ಕೆಲಸ ನಮ್ಮ ದೇಶದಲ್ಲಿ ಶುರುವಾದದ್ದೇ ತೆಂಗಿನ ತೋಟದಿಂದ. 1970ರ ಸುಮಾರಿಗೆ ಪಿಷಾರಟಿ ಎಂಬ ಹಿರಿಯ ವಿಜ್ಞಾನಿಯ ಮುಂದಾಳ್ತನದಲ್ಲಿ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿಸಿ, ಇನ್‌ಫ್ರಾರೆಡ್ ಫಿಲ್ಮಿನಲ್ಲಿ ಫೋಟೋ ತೆಗೆದರು. ಬೇರು ಸೊರಗು ರೋಗ ತಗಲಿದ ಮರ ಯಾವುದು ಎಂದು ಹುಡುಕಲಿಕ್ಕೆ. ಆರೋಗ್ಯವಂತ ಸೋಗೆ ನಮ್ಮ ಕಣ್ಣಿಗೆ ಕಾಣದ ಆ ಬೆಳಕನ್ನು ಚೆನ್ನಾಗಿ ಹಿಂದಕ್ಕೆ ಎಸೆಯುತ್ತದೆ, ರೋಗದ ಸೋಗೆ ಎಸೆಯುವುದಿಲ್ಲ. ಫಿಲ್ಮಿನಲ್ಲಿ ಎರಡೂ ಬೇರೆ ಬೇರೆ ಬಣ್ಣ. ಆರ್ಯಭಟ ಉಪಗ್ರಹ ಹಾರಿದ್ದು 1975ರಲ್ಲಿ. ಅದಕ್ಕೂ ಮೊದಲಿನ ಕತೆ ಇದು.

ಅಂದರೆ ಈ ವಿದ್ಯೆ ಹುಟ್ಟಿದ್ದು ನಮ್ಮಂಥವರ ಅಂಗಳದಲ್ಲೇ. ಸಂಪಾಜೆ, ಶೃಂಗೇರಿ ಕಡೆಯಲ್ಲಿ ಹಳದಿ ಎಲೆ ರೋಗದಿಂದ ತೋಟಗಳೇ ಹೋಗಿವೆ. ಈಗ ಎಲೆಚುಕ್ಕಿ ರೋಗ ಗುಡ್ಡದಿಂದ ಗುಡ್ಡಕ್ಕೆ ಹಾರುತ್ತಿದೆ. ರೋಗ ಈ ವರ್ಷ ಎಲ್ಲಿಯ ತನಕ ಬಂತು ಎಂಬ ನಕ್ಷೆಯೊಂದು ಪ್ರತಿ ಬೇಸಗೆಯಲ್ಲಿ ಪಂಚಾಯತಿಯ ಗೋಡೆಗೆ ಅಂಟಬೇಕು. ಬೇಸಗೆಯಲ್ಲಿ ಮೋಡದ ಸಬೂಬೂ ಇಲ್ಲವಲ್ಲ.

ನನ್ನ ತಕರಾರು ಇಲ್ಲೇ ಇರುವುದು. ರಾಕೆಟ್ 36,000 ಕಿ.ಮೀ. ಮೇಲೆ ಹೋಗುತ್ತದೆ. ಅಲ್ಲಿಂದ ಬಂದ ಮಾಹಿತಿ ಕಚೇರಿಯಿಂದ ನಮ್ಮ ತೋಟಕ್ಕೆ ಬರುವ ಕೊನೆಯ ಹತ್ತು ಕಿ.ಮೀ.ಯಲ್ಲಿ ಹೂತುಹೋಗುತ್ತದೆ.

ಹವಾಮಾನಕ್ಕೆಂದೇ ಇರುವ ಇನ್ಸಾಟ್-3ಡಿಎಸ್ 2024ರ ಫೆಬ್ರವರಿ 17ರಂದು ಹಾರಿತು. ಅಂಥ ಉಪಗ್ರಹಗಳ ಲಗಾಮು ಇರುವುದು ಇಲ್ಲೇ ಹಾಸನದಲ್ಲಿ. ಮೋಡದ ಉಷ್ಣತೆ ಅಳೆಯುವ ಅದರ ಕಣ್ಣಿಗೆ ನಾಲ್ಕು ಕಿ.ಮೀ. ಉದ್ದಗಲದ ಜಾಗ ಒಂದೇ ಚುಕ್ಕಿ. ಇಂಥ ಉಪಗ್ರಹಗಳು ಕಂಡದ್ದನ್ನೂ ಸೇರಿಸಿ ಲೆಕ್ಕ ಹಾಕಿ ಮುನ್ಸೂಚನೆ ಮಾಡುತ್ತಾರೆ. 2025ರ ಮೇ 26ರಿಂದ ಆ ಲೆಕ್ಕ ಆರು ಕಿ.ಮೀ. ಚೌಕಕ್ಕೆ ಇಳಿದಿದೆ, ಮೊದಲು 12 ಇತ್ತು. ಒಳ್ಳೆಯದೇ. ಆದರೆ ಆರು ಕಿ.ಮೀ. ಚೌಕವೆಂದರೆ ಸುಮಾರು 8,900 ಎಕರೆ. ಬಯಲುಸೀಮೆಗೆ ಅದು ಸಾಕಾದೀತು. ನಮ್ಮಲ್ಲಿ ಅಷ್ಟರೊಳಗೆ ಮೂರು ಗುಡ್ಡ, ನಾಲ್ಕು ಕಣಿವೆ. ಒಂದು ಕಣಿವೆಯಲ್ಲಿ ಮಳೆ ಸುರಿಯುವಾಗ ಪಕ್ಕದ ಕಣಿವೆಯಲ್ಲಿ ಅಡಿಕೆ ಒಣಗಿಸಬಹುದು.

ನನಗಾದದ್ದನ್ನೇ ಹೇಳುತ್ತೇನೆ. 2025ರಲ್ಲಿ ಮಳೆಗಾಲ ಮೇ 24ಕ್ಕೇ ಕೇರಳಕ್ಕೆ ಬಂತು. ಮೊದಲ ಮದ್ದು ಹೇಗೋ ಎಡೆಯಲ್ಲಿ ಆಯಿತು. ಎರಡನೆಯದರ ಹೊತ್ತಿಗೆ ಮೊಬೈಲಿಗೆ ಸಂದೇಶ ಬಂತು, ಜಿಲ್ಲೆಯಲ್ಲಿ ಭಾರೀ ಮಳೆ ಎಂದು. ಮರ ಹತ್ತುವವರಿಗೆ ಬರುವುದು ಬೇಡ ಎಂದೆ. ಎರಡು ದಿನ ನಮ್ಮ ಕಣಿವೆಯಲ್ಲಿ ಹನಿ ಬೀಳಲಿಲ್ಲ. ಅವರು ಬೇರೆ ಮನೆಯ ಕೆಲಸ ಹಿಡಿದರು, ಮತ್ತೆ ಸಿಕ್ಕಿದ್ದು 12 ದಿನ ಕಳೆದು. ಅಷ್ಟರಲ್ಲಿ ಮರದ ಬುಡದಲ್ಲಿ ನಳ್ಳಿ ಉದುರಲು ಶುರುವಾಗಿತ್ತು. ಸಂದೇಶ ಸುಳ್ಳಲ್ಲ, ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ ಜೋರು ಮಳೆಯೇ ಬಂದಿತ್ತು. ನನಗೆ ಬೇಕಾದದ್ದು ಜಿಲ್ಲೆಯ ಮಳೆಯಲ್ಲ.

ಪಂಚಾಯತಿ ಮಟ್ಟದ ಮುನ್ಸೂಚನೆಯನ್ನು ಕೇಂದ್ರ ಸರಕಾರ 2024ರ ಅಕ್ಟೋಬರಿನಲ್ಲಿ ಶುರು ಮಾಡಿದೆ. ನಮ್ಮ ರಾಜ್ಯದಲ್ಲಿ ಪಂಚಾಯತಿಗಳಲ್ಲಿ ಸ್ವಯಂಚಾಲಿತ ಮಳೆಮಾಪಕಗಳೂ ಉಂಟು. ಹವಾಮಾನ ಆಧಾರಿತ ಬೆಳೆವಿಮೆಯ ದುಡ್ಡು ಬರುವುದೂ ಬಾರದಿರುವುದೂ ಅದರ ಲೆಕ್ಕದ ಮೇಲೆಯೇ. ಆದರೆ ಗುಡ್ಡಗಾಡಿನ ಪಂಚಾಯತಿಗೆ ಒಂದು ಮಾಪಕ ಎಲ್ಲಿ ಸಾಲುತ್ತದೆ? ಹೇಳಿದ ಮಳೆ ಬಂತಾ ಎಂದು ತಾಳೆ ನೋಡುವವರು ಯಾರು?

ತಾಳೆ ನೋಡುವ ಕೆಲಸ ನಾವೇ ಮಾಡಬೇಕು ಎಂಬುದು ನನ್ನ ವಾದ. ಉಪಗ್ರಹ ಹೇಳಿದ್ದನ್ನು ನೆಲದಲ್ಲಿ ಅಳೆದು ನೋಡದೆ ವಿಜ್ಞಾನಿಗಳೂ ನಂಬುವುದಿಲ್ಲ. ನಿಸಾರ್ ನೆಲದ ತೇವ ಹೇಳುತ್ತದೆ ಎನ್ನುತ್ತಾರೆ. ದಟ್ಟ ಅಡಿಕೆ ತೋಟದೊಳಗಿನ ತೇವ ಸರಿಯಾಗಿ ಹೇಳುವುದು ಅದಕ್ಕೂ ಕಷ್ಟವೇ. ಅಲ್ಲಿ ನೆಲದ ಲೆಕ್ಕ ಕೊಡಬಲ್ಲವನು ಕೃಷಿಕ. ಈ ಪತ್ರಿಕೆಯ ಓದುಗರಲ್ಲೇ ವರ್ಷಗಟ್ಟಲೆ ಮಳೆ ಅಳೆದು ಡೈರಿಯಲ್ಲಿ ಬರೆದಿಟ್ಟವರಿದ್ದಾರೆ. ಆ ಡೈರಿಗಳು ಕಪಾಟಿನಲ್ಲಿ ಗೆದ್ದಲಿಗೆ ಕಾಯುತ್ತಿವೆ. ಅವನ್ನು ಕೇಳಿ ಪಡೆಯುವ ಒಬ್ಬರು, ನಿಸಾರಿನ ಚಿತ್ರ ಬಿಡಿಸಿ ಕನ್ನಡದಲ್ಲಿ ಹೇಳುವ ಒಬ್ಬರು, ಪ್ರತಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇರಲಿ. ನಿಸಾರಿನ ಮಾಹಿತಿ ಯಾರಿಗೂ ಪುಕ್ಕಟೆ ಸಿಗುವಂಥದ್ದು. ಆದರೆ ಆ ಫೈಲು ಬಿಡಿಸಿ ಓದುವ ವಿದ್ಯೆ ನನಗಂತೂ ಇಲ್ಲ.

ಸೊಸೈಟಿಯ ಆಚೀಚೆ ಹತ್ತು ಮನೆಯವರು ಮಳೆಮಾಪಕ ಇಡೋಣ ಎಂದು ನಾನು ಹೇಳಿದ್ದೇನೆ. ರಸ್ತೆ ಡಾಮರಿನ ಮಾತೆತ್ತಿದವರೂ ಒಪ್ಪಿದ್ದಾರೆ. “ಮಾಡಿನ ಬುಡದಲ್ಲಿ ಇಟ್ರೆ ಆಗದಾ? ಒದ್ದೆಯಾಗದೆ ನೋಡ್ಬಹುದು” ಎಂದು ಕೇಳಿದರು. ಆಗದು. ಅಂಗಳದ ನಡುವೆ ಬಯಲಿನಲ್ಲೇ ಇಡಬೇಕು. ಹತ್ತಿರದ ಮರ, ಮಾಡು ಎಷ್ಟು ಎತ್ತರವೋ ಕಡಿಮೆಯೆಂದರೂ ಅದರ ಎರಡು ಪಾಲು ದೂರ ಇರಬೇಕು. ದಿನಾ ಬೆಳಗ್ಗೆ ಎಂಟೂವರೆಗೆ ಅಳೆಯಬೇಕು, ಹವಾಮಾನ ಇಲಾಖೆಯ ಹೊತ್ತೂ ಅದೇ. ಮಳೆ ಬಾರದ ದಿನ ಖಾಲಿ ಬಿಡಬಾರದು, ಸೊನ್ನೆ ಎಂದೇ ಬರೆಯಬೇಕು. ಬೇರೆ ಊರಲ್ಲಿ ಹೀಗೆ ಹತ್ತು ಮನೆ ಸೇರಿಸಿದವರಿದ್ದರೆ ಪತ್ರಿಕೆಗೆ ಎರಡು ಸಾಲು ಬರೆಯಿರಿ, ಲೆಕ್ಕ ಹೋಲಿಸಿ ನೋಡುವ.