ನಿರೋಧಕ ‘ಶಕ್ತಿ’ ಎಂಬ ಎಡವಟ್ಟು ಮಾತು

2021ರ ಏಪ್ರಿಲ್‌ನಲ್ಲಿ ಪುಣೆಯ ಎಷ್ಟೋ ಮನೆಯವರು ಟೊಸಿಲಿಝುಮ್ಯಾಬ್ ಎಂಬ ಇಂಜೆಕ್ಷನ್‌ಗಾಗಿ ಊರೆಲ್ಲ ಅಲೆದರು. ಅವರು ಹತ್ತಿ ಇಳಿದ ಔಷಧಿ ಅಂಗಡಿಗಳಲ್ಲೇ ‘ಇಮ್ಯುನಿಟಿ ಬೂಸ್ಟರ್’ ಡಬ್ಬಿಗಳೂ ಮಾರಾಟಕ್ಕಿದ್ದವು. ಡಬ್ಬಿಯ ಭರವಸೆ ಏರಿಸುವುದು. ಇಂಜೆಕ್ಷನ್ನಿನ ಕೆಲಸ ತಗ್ಗಿಸುವುದು. ಸೋಂಕು ಕಂಡ ಜೀವಕೋಶಗಳು ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನನ್ನು ಹೊರಗೆ ಬಿಡುತ್ತವೆ. ಅದು ತಲುಪಿದಲ್ಲೆಲ್ಲ ಜ್ವರ, ಉರಿಯೂತ. ಕೂಗು ನಿಲ್ಲದಿದ್ದರೆ ಕೆಡುವುದು ರೋಗಿಯದೇ ಶ್ವಾಸಕೋಶ. ಟೊಸಿಲಿಝುಮ್ಯಾಬ್ ಆ ಕೂಗು ಕೇಳಿಸಿಕೊಳ್ಳುವ ಕಿವಿಯನ್ನೇ ಮುಚ್ಚುತ್ತದೆ.

‘ರೋಗನಿರೋಧಕ ಶಕ್ತಿ’ ಎಂದಾಗ ಟ್ಯಾಂಕಿನ ನೀರಿನಂತೆ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಚಿತ್ರ ಮೂಡುತ್ತದೆ. ಜಾಹೀರಾತಿನವರಿಗೆ ಬೇಕಾದದ್ದೂ ಅದೇ. (ಲಸಿಕೆಯ ಬೂಸ್ಟರ್ ಡೋಸ್ ಬೇರೆ, ಅದು ಒಂದು ನಿರ್ದಿಷ್ಟ ರೋಗಾಣುವಿನ ಗುರುತನ್ನು ದೇಹಕ್ಕೆ ನೆನಪಿಸುತ್ತದೆ.)

ಈ ಚಿತ್ರ ಎಷ್ಟು ತಪ್ಪು ಎಂಬುದಕ್ಕೆ ಪುರಾವೆ ಅದೇ ಪುಣೆಯಲ್ಲಿದೆ. ಅಲ್ಲಿನ ವಿಶ್ವವಿದ್ಯಾಲಯದ ಆವರಣದ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿ ಅರವಿಂದ ಸಾಹು ಅವರ ತಂಡ ‘ಕಾಂಪ್ಲಿಮೆಂಟ್’ ಪ್ರೋಟೀನುಗಳ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದೆ. ಇವು ಮೂವತ್ತಕ್ಕೂ ಹೆಚ್ಚು. ಬಹುಪಾಲು ಯಕೃತ್ತಿನಲ್ಲಿ ತಯಾರಾಗಿ ರಕ್ತದಲ್ಲಿ ಸುತ್ತುತ್ತಿರುತ್ತವೆ. ಕೆರಳಿದರೆ ಬ್ಯಾಕ್ಟೀರಿಯಾದ ಮೈಗೆ ತೂತು ಕೊರೆಯುತ್ತವೆ. ಆದರೆ ಅವಕ್ಕೆ ತನ್ನವರು, ಪರರು ಎಂಬ ಭೇದ ಕಡಿಮೆ, ಪಕ್ಕದಲ್ಲಿ ಸಿಕ್ಕ ಮೈಗೂ ಅಂಟುತ್ತವೆ. ನಮ್ಮ ಜೀವಕೋಶಗಳು ಉಳಿದಿರುವುದು ರಕ್ತದಲ್ಲಿರುವ ಫ್ಯಾಕ್ಟರ್ ಎಚ್‌ನಂಥ ತಡೆಗಳಿಂದ.

ತಡೆಯ ಬೆಲೆ ವೈರಸ್ಸುಗಳಿಗೆ ಚೆನ್ನಾಗಿ ಗೊತ್ತು. ಸಿಡುಬಿನ ಲಸಿಕೆಗೆ ಬಳಸುತ್ತಿದ್ದ ವ್ಯಾಕ್ಸಿನಿಯಾ ವೈರಸ್, ಇಂಥ ತಡೆಯ ನಕಲೊಂದನ್ನು ಸೋಂಕಿತ ಕೋಶದಿಂದ ಹೊರಬಿಡಿಸಿ ರಕ್ಷಣೆ ಪಡೆಯುತ್ತದೆ. 1988ರಲ್ಲಿ ಗಿರೀಶ್ ಕೋತ್ವಾಲ್ ಮತ್ತು ಬರ್ನಾರ್ಡ್ ಮಾಸ್ ಇದನ್ನು ವರದಿ ಮಾಡಿದರು. ಈ ನಕಲು ಹೇಗೆ ಕೆಲಸ ಮಾಡುತ್ತದೆ ಎಂಬುದು ಪುಣೆಯ ತಂಡ ಬಿಡಿಸಿದ ಒಗಟುಗಳಲ್ಲೊಂದು.

ಪದ ಸರಿಯಿಲ್ಲದಿದ್ದರೆ ಏನಾಯಿತು ಎನ್ನುವವರಿದ್ದಾರೆ. ಭಾರತದ ಮಕ್ಕಳಲ್ಲಿ ಕಾಣುವ ಒಂದು ಬಗೆಯ ಕಿಡ್ನಿ ಕಾಯಿಲೆಯಲ್ಲಿ ಮಗುವಿನ ದೇಹವೇ ಫ್ಯಾಕ್ಟರ್ ಎಚ್ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ತಡೆ ತಪ್ಪಿ ಕಿಡ್ನಿಯ ಸಣ್ಣ ರಕ್ತನಾಳಗಳು ಹಾಳಾಗುತ್ತವೆ. ಆಗ ರಕ್ತದ ಪ್ಲಾಸ್ಮಾ ಬದಲಿಸುತ್ತಾರೆ, ಜೊತೆಗೆ ಪ್ರತಿಕಾಯ ಹುಟ್ಟದಂತೆ ತಿಂಗಳುಗಟ್ಟಲೆ ಮಾತ್ರೆ ಕೊಡುತ್ತಾರೆ. ಅದನ್ನು ‘ನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ’ ಎಂದು ಕನ್ನಡದಲ್ಲಿ ಕೇಳಿಸಿಕೊಂಡ ತಾಯಿ, ಮಗು ಚೇತರಿಸಿಕೊಂಡ ಮೇಲೂ ಅದನ್ನು ಯಾವ ಧೈರ್ಯದಿಂದ ಕೊಡುತ್ತಿರಬೇಕು?