ಕರಗದ ಪನೀರಿಗೆ ಚಿಟಿಕೆ ಸೋಡಾ

ಏಪ್ರಿಲ್ ತಿಂಗಳ ಕೊನೆಯ ವಾರ. ಸಿಂಧನೂರಿನಿಂದ ರಾಯಚೂರಿಗೆ ಹೋಗುವ ರಸ್ತೆಯ ಮೇಲಿರುವ ಜವಳಗೇರಾದಲ್ಲಿ ಬೆಳಗಿನ ಹತ್ತು ಗಂಟೆಗೇ ಮಾಳಿಗೆಯ ಮೇಲೆ ಬರಿಗಾಲು ಊರಲಾಗುವುದಿಲ್ಲ. ಹಳೆಯ ಸೀರೆ ಹಾಸಿ ಶಾವಿಗೆ, ಹಪ್ಪಳ, ಸಂಡಿಗೆ ಒಣಹಾಕುವುದಕ್ಕೆ ಬೇಕಾದದ್ದೂ ಅದೇ ಬಿಸಿಲು. ಇಂಥ ಒಂದು ಮನೆಯ ಅಡಿಗೆಮನೆಯನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಬೇಕು. ಒಂಬತ್ತನೇ ತರಗತಿ ಮುಗಿಸಿದ ಹುಡುಗಿ, ಬೆಂಗಳೂರಿನಿಂದ ರಜೆಗೆ ಬಂದಿರುವ ಆಕೆಯ ಚಿಕ್ಕಪ್ಪನ ಮಗ, ತಾಯಿ, ಅಜ್ಜಿ. ಹುಡುಗ ಬಂದ ದಿನದಿಂದ ಒಂದೇ ಸುದ್ದಿ ಹೇಳುತ್ತಿದ್ದಾನೆ: ದೊಡ್ಡ ಹೋಟೆಲಿನಲ್ಲಿ ತಾನು ತಿಂದ ಮೆಕ್ಸಿಕನ್ ಮ್ಯಾಕರೋನಿ ಚೀಸ್. ‘ಅದು ನಿಮ್ಮೂರಲ್ಲಿ ಎಲ್ಲಿ ಸಿಗಬೇಕು’ ಎಂಬ ಮಾತು ಹುಡುಗಿಗೆ ನಾಟಿತು. ಸಿಗದಿದ್ದರೆ ಮಾಡಿದರಾಯಿತು ಎಂದು ಹೊರಟಳು.

ಮ್ಯಾಕರೋನಿ ಎಂದರೇನು ಎಂದು ವಿಚಾರಿಸಿದ ಅಜ್ಜಿಗೆ ಉತ್ತರ ಕೇಳಿ ನಗು ಬಂತು. ಗೋಧಿರವೆಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ನಾದಿ, ಆಕಾರ ಕೊಟ್ಟು ಬೇಯಿಸುವ ಪದಾರ್ಥ. ಎಳೆಯಾಗಿ ತೆಗೆದರೆ ಶಾವಿಗೆ, ಬೆರಳ ತುದಿಯಲ್ಲಿ ಹೊಸೆದರೆ ಗವಲಿ, ಕಡ್ಡಿಗೆ ಸುತ್ತಿ ಕೊಳವೆ ಮಾಡಿದರೆ ಮ್ಯಾಕರೋನಿ. ದಕ್ಷಿಣ ಇಟಲಿಯ ಹಳ್ಳಿಗಳಲ್ಲಿ ಹೆಂಗಸರು ಸಣ್ಣ ಕಬ್ಬಿಣದ ಕಡ್ಡಿಯ ಮೇಲೆ ಹಿಟ್ಟಿನ ತುಣುಕನ್ನಿಟ್ಟು, ಅಂಗೈಯಿಂದ ಉರುಳಿಸಿ, ಕಡ್ಡಿಯನ್ನು ಎಳೆದುಕೊಳ್ಳುತ್ತಾರೆ, ಕೊಳವೆ ಉಳಿಯುತ್ತದೆ. ಜವಳಗೇರಾದ ಅಡಿಗೆಮನೆಯಲ್ಲಿ ಆ ಕೆಲಸವನ್ನು ಸ್ವೆಟರ್ ಹೆಣೆಯುವ ಸ್ಟೀಲ್ ಕಡ್ಡಿ ಮಾಡಿತು.

ಹಿಟ್ಟಿನ ವಿಷಯದಲ್ಲಂತೂ ಈ ಮನೆಯೇ ಮೇಲು. ಇಟಲಿಯವರು ಮ್ಯಾಕರೋನಿಗೆ ಬಳಸುವುದು ಡ್ಯೂರಂ ಎಂಬ ಗಟ್ಟಿ ಗೋಧಿ. ಉತ್ತರ ಕರ್ನಾಟಕದಲ್ಲಿ ಶಾವಿಗೆಗೆಂದೇ ಹೆಸರಾದ ಜವೆಗೋಧಿ ಅದರ ದಾಯಾದಿ. ಬ್ರೆಡ್ಡಿನ ಗೋಧಿಯ ಜೀವಕೋಶದಲ್ಲಿ 42 ವರ್ಣತಂತುಗಳಿದ್ದರೆ ಈ ಎರಡರಲ್ಲೂ 28. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029 ಮುಂತಾದ ಜವೆಗೋಧಿ ತಳಿಗಳನ್ನು ಬಿಡುಗಡೆ ಮಾಡಿದೆ. ‘ಹಿಟ್ಟಿಗೆ ಜಿಗಿ ಬರೋ ತನಕ ನಾದಬೇಕವ್ವಾ’ ಎಂದು ಅಜ್ಜಿ ಹೇಳುವ ಜಿಗಿಗೆ ವಿಜ್ಞಾನದ ಪುಸ್ತಕದಲ್ಲಿ ಗ್ಲೂಟೆನ್ ಎಂದು ಹೆಸರು. ಗೋಧಿಯಲ್ಲಿ ಗ್ಲೂಟೆನಿನ್, ಗ್ಲಯಾಡಿನ್ ಎಂಬ ಎರಡು ಬಗೆಯ ಪ್ರೋಟೀನುಗಳಿವೆ. ನೀರು ಸೇರಿಸಿ ನಾದಿದಾಗ ಇವು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ; ಪಿಷ್ಟದ ಕಣಗಳು ಆ ಬಲೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಜೋಳದ ಹಿಟ್ಟಿನಲ್ಲಿ ಈ ಬಲೆಯಿಲ್ಲ. ಅದಕ್ಕೇ ರೊಟ್ಟಿ ಮಾಡುವವರು ಕುದಿಯುವ ಎಸರು ಹಾಕಿ, ಪಿಷ್ಟವನ್ನೇ ಅರೆಬೇಯಿಸಿ ಅಂಟು ಮಾಡಿಕೊಳ್ಳುವುದು. ಗಣಿತದಲ್ಲಿ ಹಿಂದೆ ಬಿದ್ದ ಎಷ್ಟೋ ಮಕ್ಕಳು ಈ ವ್ಯತ್ಯಾಸವನ್ನು ಕೈಯಿಂದಲೇ ಬಲ್ಲರು. ಪರೀಕ್ಷೆಯಲ್ಲಿ ಯಾರೂ ಅದನ್ನು ಕೇಳುವುದಿಲ್ಲ.

ಎರಡು ಬಟ್ಟಲು ಸಣ್ಣ ರವೆಗೆ ಚಿಟಿಕೆ ಉಪ್ಪು, ಹಿಡಿಯುವಷ್ಟು ಬಿಸಿನೀರು. ಹತ್ತು ನಿಮಿಷ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟರು. ರಾಯಚೂರು ಸೀಮೆಯ ಬಿಸಿಲಿಗೆ ಬಟ್ಟೆ ಎರಡು ಸಲ ಒಣಗಿತು, ಎರಡು ಸಲ ನೆನೆಸಬೇಕಾಯಿತು. ಕಿರುಬೆರಳುದ್ದದ ಕೊಳವೆಗಳು ಮೊರದ ತುಂಬ ಆದವು. ಇಲ್ಲಿಯವರೆಗೆ ಎಲ್ಲ ಸುಸೂತ್ರ.

ತೊಡಕು ಬಂದದ್ದು ಚೀಸಿನಲ್ಲಿ. ಶಬ್ದಕೋಶ ತೆರೆದರೆ ಚೀಸ್ ಎಂಬುದಕ್ಕೆ ಗಿಣ್ಣು ಎಂಬ ಅರ್ಥ ಸಿಗುತ್ತದೆ. ಆದರೆ ಎಮ್ಮೆ ಈದ ಹೊಸತರಲ್ಲಿ ಮನೆಯಲ್ಲಿ ಮಾಡುವ ಗಿಣ್ಣು ಬೇರೆಯೇ ಪದಾರ್ಥ. ಆ ಮೊದಲ ಹಾಲಿನಲ್ಲಿ ಕರುವನ್ನು ರೋಗದಿಂದ ಕಾಯುವ ಪ್ರೋಟೀನುಗಳು ವಿಪರೀತ ಇರುವುದರಿಂದ, ಹುಳಿಯ ಹಂಗಿಲ್ಲದೆ ಬರೀ ಕಾವಿಗೇ ಮೊಟ್ಟೆಯಂತೆ ಗಟ್ಟಿಯಾಗುತ್ತದೆ. ಚೀಸ್ ಹಾಗಲ್ಲ. ಹುಡುಗಿಗೆ ಹೊಳೆದದ್ದು ಪನೀರು. ಒಂದು ಲೀಟರ್ ಹಾಲನ್ನು ಉಕ್ಕುವಂತೆ ಕುದಿಸಿ ನಿಂಬೆರಸ ಹಿಂಡಿದಳು. ಹಾಲು ಒಡೆಯಿತು. ಬಟ್ಟೆಯಲ್ಲಿ ಸೋಸಿ, ಹಿಂಡಿ, ಪುಡಿ ಮಾಡಿ, ಬೆಣ್ಣೆ ಹಾಕಿ ಒಲೆಯ ಮೇಲಿಟ್ಟು ತಿರುವಿದಳು. ಐದು ನಿಮಿಷ, ಹತ್ತು ನಿಮಿಷ. ಕರಗುವ ಮಾತೇ ಇಲ್ಲ. ಪುಡಿ ಇನ್ನಷ್ಟು ಒಣಗಿ ರಬ್ಬರಿನ ಚೂರುಗಳಂತಾಯಿತು. ಬೆಣ್ಣೆ ಎಣ್ಣೆಯಾಗಿ ಬದಿಗೆ ಸರಿದು ನಿಂತಿತು. ಹುಡುಗ ಬಾಯಿ ಮುಚ್ಚಿಕೊಂಡು ನಕ್ಕ. ತಾಯಿಗೆ ಮಾತ್ರ ನಗು ಬರಲಿಲ್ಲ. ‘ಒಂದು ಲೀಟರ್ ಹಾಲು ಒಡಸಿ ಕುಂತಿ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಐತಿ, ನೆನಪೈತೇನು?’

ತಾಯಿಯ ಸಿಟ್ಟಿಗೆ ಕಾರಣವಿಲ್ಲದಿಲ್ಲ. ಹಾಲಿಗೆ ದುಡ್ಡು ಕೊಡಬೇಕು. ಹತ್ತನೇ ತರಗತಿಯ ಭಯವೂ ಹುಸಿಯಲ್ಲ. ಆದರೆ ಪಕ್ಕದ ಮನೆಯ ಅಕ್ಕನಿಂದ ಹುಡುಗಿ ಆಗಲೇ ತಂದಿಟ್ಟುಕೊಂಡಿದ್ದ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಎಂಬ ಪಾಠವಿದೆ. ಬಾಣಲೆಯಲ್ಲಿ ಕೆಟ್ಟು ಕುಳಿತದ್ದು ಆ ಪಾಠವೇ.

ಹಾಲಿನ ಮುಖ್ಯ ಪ್ರೋಟೀನು ಕೇಸೀನ್. ಅದು ಕಣ್ಣಿಗೆ ಕಾಣದ ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಆ ಉಂಡೆಯೊಳಗೆ ಎಳೆಗಳನ್ನು ಹಿಡಿದಿಡುವುದು ಕ್ಯಾಲ್ಸಿಯಂ. ವಿದೇಶಗಳ ಚೀಸ್ ತಯಾರಕರು ಹುಳಿ ಹಿಂಡುವುದಿಲ್ಲ, ರೆನೆಟ್ ಎಂಬ ಕಿಣ್ವ ಹಾಕುತ್ತಾರೆ. ಅದು ಉಂಡೆಯ ಹೊರಮೈಯ ತುಪ್ಪಳದಂಥ ಭಾಗವನ್ನು ಕತ್ತರಿಸುತ್ತದೆ, ಉಂಡೆಗಳು ಕೂಡಿಕೊಳ್ಳುತ್ತವೆ, ಬಿಸಿ ತಾಗಿದಾಗ ಮತ್ತೆ ಸಡಿಲಗೊಳ್ಳುತ್ತವೆ. ಪನೀರಿನ ದಾರಿ ಬೇರೆ. ಹಾಲನ್ನು ಕುದಿಸಿದಾಗ ಅದರ ತಿಳಿನೀರಿನಲ್ಲಿರುವ ಇತರ ಪ್ರೋಟೀನುಗಳು ರೂಪಗೆಟ್ಟು ಕೇಸೀನಿಗೆ ಅಂಟಿಕೊಳ್ಳುತ್ತವೆ. ಆಮೇಲೆ ಹುಳಿ ಬಿದ್ದರೆ ಎಲ್ಲ ಸೇರಿ ಬಿಗಿಯಾದ ಗಂಟು. ಈ ಗಂಟು ಕಾವಿಗೆ ಬಿಚ್ಚುವುದಿಲ್ಲ. ಪನೀರನ್ನು ಎಣ್ಣೆಯಲ್ಲಿ ಕರಿದರೂ ಅದು ಚೌಕವಾಗಿಯೇ ಉಳಿಯುವುದು ಇದರಿಂದಲೇ. ಅಂದರೆ ಹುಡುಗಿಯ ತಪ್ಪು ಎರಡು: ಹಾಲು ಅತಿಯಾಗಿ ಕಾದದ್ದು, ಗಂಟು ಬಿಚ್ಚುವ ಪದಾರ್ಥ ಇಲ್ಲದ್ದು.

ಆ ಪದಾರ್ಥದ ಹೆಸರು ಸೋಡಿಯಂ ಸಿಟ್ರೇಟ್. ಸ್ವಿಟ್ಜರ್‌ಲೆಂಡಿನ ವಾಲ್ಟರ್ ಗೆರ್ಬರ್, ಫ್ರಿಟ್ಜ್ ಸ್ಟೆಟ್ಲರ್ ಎಂಬಿಬ್ಬರು 1911ರಲ್ಲಿ ಇದನ್ನು ಬೆರೆಸಿ, ಕಾಯಿಸಿದರೂ ಎಣ್ಣೆ ಬಿಡದ ಚೀಸ್ ತಯಾರಿಸಿದರು. ಅಮೆರಿಕದಲ್ಲಿ ಜೇಮ್ಸ್ ಕ್ರಾಫ್ಟ್ 1916ರಲ್ಲಿ ಇಂಥದೇ ಸಂಸ್ಕರಿತ ಚೀಸಿಗೆ ಪೇಟೆಂಟ್ ಪಡೆದ. ಅವನ ಕಂಪನಿ 1937ರಲ್ಲಿ ಮ್ಯಾಕರೋನಿ ಮತ್ತು ಚೀಸ್ ಪುಡಿಯನ್ನು ಒಂದೇ ಡಬ್ಬಿಯಲ್ಲಿ ಮಾರತೊಡಗಿತು. ಸಿಟ್ರೇಟ್ ಮಾಡುವ ಕೆಲಸ ಸರಳ. ಅದು ಕ್ಯಾಲ್ಸಿಯಮ್ಮನ್ನು ತನ್ನತ್ತ ಸೆಳೆದುಕೊಂಡು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಬಿಗಿದ ಎಳೆಗಳು ಸಡಿಲವಾಗಿ, ಒಂದು ಕೈಯಲ್ಲಿ ನೀರನ್ನೂ ಇನ್ನೊಂದು ಕೈಯಲ್ಲಿ ಕೊಬ್ಬನ್ನೂ ಹಿಡಿದುಕೊಳ್ಳುತ್ತವೆ.

ಇದನ್ನು ಪೇಟೆಯಲ್ಲಿ ಹುಡುಕಬೇಕಾಗಿಲ್ಲ. ನಿಂಬೆರಸದಲ್ಲಿರುವುದು ಸಿಟ್ರಿಕ್ ಆಮ್ಲ, ಅಡಿಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್. ಎರಡೂ ಸೇರಿದರೆ ನೊರೆಯೆದ್ದು ಇಂಗಾಲದ ಡೈ ಆಕ್ಸೈಡ್ ಹಾರಿಹೋಗುತ್ತದೆ. ನೀರು ಮತ್ತು ಸೋಡಿಯಂ ಸಿಟ್ರೇಟ್ ಉಳಿಯುತ್ತವೆ. ಆಮ್ಲದ ಒಂದು ಅಣುವಿಗೆ ಸೋಡಾದ ಮೂರು ಅಣು. ತೂಕದಲ್ಲಿ ಹೇಳುವುದಾದರೆ 192 ಗ್ರಾಂ ಆಮ್ಲಕ್ಕೆ 252 ಗ್ರಾಂ ಸೋಡಾ. ಅಡಿಗೆಮನೆಯ ಲೆಕ್ಕದಲ್ಲಿ ಎರಡು ದೊಡ್ಡ ಚಮಚ ನಿಂಬೆರಸಕ್ಕೆ ಸುಮಾರು ಅರ್ಧ ಟೀ ಚಮಚ ಸೋಡಾ. ಅಂದಾಜು ತಪ್ಪಿದರೆ ತಿಳಿಯಲು ಲಿಟ್ಮಸ್ ಕಾಗದ ಬೇಡ, ಅರಿಶಿನ ಸಾಕು. ಒಂದು ಹನಿಗೆ ಚೂರು ಅರಿಶಿನ ತಾಗಿಸಿದಾಗ ಹಳದಿಯಾಗಿಯೇ ಇದ್ದರೆ ಸರಿ, ಕೆಂಪಾದರೆ ಸೋಡಾ ಹೆಚ್ಚಾಗಿದೆ. ಹೆಚ್ಚಾದರೆ ಅಡಿಗೆ ಸಾಬೂನಿನ ರುಚಿ ಹೊಡೆಯುತ್ತದೆ.

ಮರುದಿನ ತಂದೆಯೇ ಇನ್ನೊಂದು ಲೀಟರ್ ಪೊಟ್ಟಣದ ಹಾಲು ತಂದುಕೊಟ್ಟರು. ಪೊಟ್ಟಣದ ಹಾಲು ಪಾಶ್ಚರೀಕರಣ ಆಗಿರುವುದರಿಂದ ಕುದಿಸುವ ಅಗತ್ಯವಿಲ್ಲ. ಮನೆಯಲ್ಲಿ ಕರೆದ ಹಾಲಾದರೆ ಈ ಉಪಾಯ ಬೇಡ. ಅದನ್ನು 63 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅರ್ಧ ಗಂಟೆ ತಪ್ಪದೆ ಹಿಡಿದಿಡಬೇಕು, ಅದು ಒಲೆಯ ಮೇಲೆ ಸುಲಭವಲ್ಲ. ಶಾಲೆಯ ಪಾದರಸದ ಉಷ್ಣತಾಮಾಪಕವನ್ನು ಯಾವ ಕಾರಣಕ್ಕೂ ಹಾಲಿಗೆ ಅದ್ದಬಾರದು. ಒಡೆದರೆ ಹಾಲಿನ ಜೊತೆಗೆ ಜೀವಕ್ಕೂ ಕುತ್ತು.

ಈ ಸಲ ಹಾಲು ಕಾದದ್ದು 50 ಡಿಗ್ರಿಯ ಆಸುಪಾಸಿಗೆ. ತೊಳೆದ ಬೆರಳನ್ನು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಇಡಲಾಗದಷ್ಟು. ನಿಂಬೆರಸ ಬಿದ್ದಾಗ ಪುಡಿಪುಡಿಯಾಗಿ ಒಡೆಯಲಿಲ್ಲ. ಮೆತ್ತಗೆ, ಎಳೆದರೆ ಎಳೆ ಬರುವಂತೆ ಗಡ್ಡೆಗಟ್ಟಿತು. ಅದನ್ನು ಹಿಂಡಿ, ಉಳಿದ ಹುಳಿ ಹೋಗಲು ತಣ್ಣೀರಿನಲ್ಲಿ ತೊಳೆದು, ಮತ್ತೆ ಹಿಂಡಿ, ನಿಂಬೆ ಸೋಡಾದ ನೀರು, ಅರ್ಧ ಬಟ್ಟಲು ಹಾಲು, ಎರಡು ಚಮಚ ಬೆಣ್ಣೆ, ಉಪ್ಪು ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ಸಣ್ಣ ಉರಿಯ ಮೇಲಿಟ್ಟರು. ಮೊದಲ ನಿಮಿಷ ಹಿಂದಿನ ದಿನದಂತೆಯೇ ತರಿತರಿ. ಹುಡುಗಿ ಚಮಚ ನಿಲ್ಲಿಸಲಿಲ್ಲ. ಆಮೇಲೆ ತರಿಗಳೆಲ್ಲ ಒಂದಾಗಿ, ಕುಳಕುಳನೆ ಕುದಿಯುವ ಹೊಳಪಿನ ಗೊಜ್ಜಾಯಿತು. ಚಮಚ ಎತ್ತಿದರೆ ದಾರದಂತೆ ಇಳಿಯಿತು. ಹುಡುಗ ಹತ್ತಿರ ಬಂದು ನೋಡಿದ.

ಇನ್ನು ಮೆಕ್ಸಿಕೋ. ಈ ಭಾಗ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ, ಬುಟ್ಟಿಯಲ್ಲೇ ಇತ್ತು. ಮೆಣಸಿನಕಾಯಿ ಮತ್ತು ಗೋವಿನಜೋಳದ ಬೇಸಾಯ ಮೊದಲಾದದ್ದು ಮೆಕ್ಸಿಕೋದ ನೆಲದಲ್ಲಿ. ಟೊಮೆಟೊ ದಕ್ಷಿಣ ಅಮೆರಿಕದ ಮೂಲದ್ದಾದರೂ ಅಡಿಗೆಗೆ ಹತ್ತಿದ್ದು, ಹೆಸರು ಪಡೆದದ್ದು ಅಲ್ಲಿಯೇ. ಮೆಣಸಿನಕಾಯಿ 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಭಾರತಕ್ಕೆ ಬಂತು. ತಮಾಷೆಯೆಂದರೆ, ಆ ದೇಶಕ್ಕೆ ಗೋಧಿ, ಹಸು, ಚೀಸ್ ಇವೆಲ್ಲ ಸ್ಪೇನಿನವರ ಜೊತೆ ಹೋದವು. ಅಲ್ಲಿಯ ಹಳ್ಳಿಯ ಹೆಂಗಸರು ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು, ಅಂಗೈಯಲ್ಲಿ ತಟ್ಟಿ, ಹಂಚಿನ ಮೇಲೆ ಸುಡುತ್ತಾರೆ. ಹೆಸರು ತೋರ್ತಿಯಾ. ಸಿಂಧನೂರು ಕಡೆಯ ರೊಟ್ಟಿ ತಟ್ಟುವ ಕೈಗೆ ಅದು ಅಪರಿಚಿತವಾಗಲಾರದು. ಟೊಮೆಟೊ, ಮೆಣಸಿನಕಾಯಿಗಳನ್ನು ಹಂಚಿನ ಮೇಲೆ ಕಪ್ಪು ಚುಕ್ಕೆ ಬೀಳುವಂತೆ ಸುಟ್ಟು ಕಲ್ಲಿನಲ್ಲಿ ಅರೆಯುವುದೂ ಅವರ ಪದ್ಧತಿ. ಈ ಕೆಲಸವನ್ನು ಅಜ್ಜಿ ವಹಿಸಿಕೊಂಡರು. ಮೂರು ಟೊಮೆಟೊ, ನಾಲ್ಕು ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಜೀರಿಗೆ ಒಳಕಲ್ಲಿನಲ್ಲಿ ತರಿಯಾಗಿ ಅರೆದದ್ದು ಚೀಸಿನ ಗೊಜ್ಜಿಗೆ ಬಿತ್ತು. ಜೊತೆಗೆ ಒಂದು ಬಟ್ಟಲು ಬೇಯಿಸಿದ ಎಳೆ ಗೋವಿನಜೋಳದ ಕಾಳು.

ಹಸಿ ಮ್ಯಾಕರೋನಿ ಕುದಿಯುವ ಉಪ್ಪುನೀರಿನಲ್ಲಿ ನಾಲ್ಕೈದು ನಿಮಿಷಕ್ಕೆ ಬೆಂದಿತು. ಬಸಿದ ಗಂಜಿಯನ್ನು ಚೆಲ್ಲದೆ ಒಂದು ಸೌಟು ಗೊಜ್ಜಿಗೆ ಬೆರೆಸಿದರೆ ಹದ ಸರಿಹೋಗುತ್ತದೆ. ಮೇಲೆ ಕೊತ್ತಂಬರಿ.

ರುಚಿ ಹೇಗಿತ್ತು? ನಿಜ ಹೇಳಬೇಕೆಂದರೆ, ತಿಂಗಳುಗಟ್ಟಲೆ ಹಣ್ಣಾಗಲು ಇಟ್ಟ ಚೀಸಿನ ಗಾಟು ಇದರಲ್ಲಿ ಬರುವುದಿಲ್ಲ. ಆ ವಾಸನೆ ಸೂಕ್ಷ್ಮಜೀವಿಗಳು ನಿಧಾನವಾಗಿ ಮಾಡಿಡುವ ಆಸ್ತಿ. ಒಂದು ಮಧ್ಯಾಹ್ನದಲ್ಲಿ ಗಳಿಸಲಾಗದು. ಆ ಕೊರತೆಯನ್ನು ಸುಟ್ಟ ಮೆಣಸಿನಕಾಯಿ ತುಂಬಿತು, ಸ್ವಲ್ಪ ಹೆಚ್ಚಾಗಿಯೇ. ಹುಡುಗ ಎರಡನೇ ತುತ್ತಿಗೆ ಕಣ್ಣಲ್ಲಿ ನೀರು ತಂದುಕೊಂಡು ನೀರಿನ ಚೊಂಬಿಗೆ ಕೈ ಚಾಚಿದ. ಹುಡುಗಿ ತಡೆದು ಮಜ್ಜಿಗೆ ಕೊಟ್ಟಳು. ಮೆಣಸಿನಕಾಯಿಯ ಖಾರ ಕ್ಯಾಪ್ಸೈಸಿನ್ ಎಂಬ ವಸ್ತು. ಅದು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಕೇಸೀನ್ ಅದನ್ನು ಹಿಡಿದು ನಾಲಿಗೆಯಿಂದ ಒಯ್ಯುತ್ತದೆ. ಸುಮಾರು 43 ಡಿಗ್ರಿ ಮೀರಿದ ಬಿಸಿಯನ್ನು ಮಿದುಳಿಗೆ ತಿಳಿಸುವ ನರತುದಿಯ ಗ್ರಾಹಕವನ್ನೇ ಕ್ಯಾಪ್ಸೈಸಿನ್ ಕೆಣಕುವುದರಿಂದ, ಸುಡದಿದ್ದರೂ ಬಾಯಿ ಸುಟ್ಟಂತೆನಿಸುತ್ತದೆ. 1997ರಲ್ಲಿ ಈ ಗ್ರಾಹಕವನ್ನು ಗುರುತಿಸಿದ ಡೇವಿಡ್ ಜೂಲಿಯಸ್ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಅಜ್ಜಿ ಒಂದು ಕೊಳವೆಯನ್ನು ಬಾಯಿಗೆ ಹಾಕಿಕೊಂಡು, ಇದಕ್ಕಿಂತ ಶಾವಿಗೆಗೆ ಹಾಲು ಬೆಲ್ಲ ಮೇಲು ಎಂದರು. ಆದರೂ ತಟ್ಟೆ ಖಾಲಿ ಮಾಡಿದರು. ತಾಯಿ ಪಾತ್ರೆಯಲ್ಲಿ ಉಳಿದಿದ್ದ ಹಾಲಿನ ತಿಳಿನೀರನ್ನು ಮೋರಿಗೆ ಸುರಿಯಲು ಹೊರಟವರು ಏನೋ ನೆನಪಾಗಿ ನಿಂತು, ‘ಇದರಾಗ ಏನೈತವ್ವಾ?’ ಎಂದು ಮಗಳನ್ನು ಕೇಳಿದರು. ಕೇಸೀನ್ ಬಿಟ್ಟು ಉಳಿದ ಪ್ರೋಟೀನು, ಹಾಲಿನ ಸಕ್ಕರೆ ಎಲ್ಲ ಅದರಲ್ಲೇ ಇದೆ ಎಂದು ಗೊತ್ತಾದ ಮೇಲೆ ಸಂಜೆಯ ಚಪಾತಿ ಹಿಟ್ಟು ಅದರಲ್ಲೇ ಕಲಸಿದ್ದಾಯಿತು.