ಕಾರಿನ ಕಿಟಕಿಗೆ ಮರಳು ಚೀಲ ಕೇಳಿದರು: ರಾತ್ರಿ ಶಿಕಾರಿ ಗವಿಪುರದ ಅಂಗಡಿ ಬಾಗಿಲಿಗೂ ಬಂತಾ?

ಗವಿಪುರಂ: ಸ್ಕೂಟರ್ ಸೀಟು ಹರಿದಿತ್ತು ಅಂತ ಕಳೆದ ವಾರ ಕೆಂಪಾಂಬುಧಿ ಕೆರೆ ಕಡೆಯ ಒಂದು ಸೀಟ್ ಕವರ್ ಅಂಗಡಿಗೆ ಹೋಗಿದ್ದೆ. ಅಂಗಡಿಯ ಅಣ್ಣ ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದಾರೆ. ನನ್ನ ಕೆಲಸ ಮುಗಿಸಿದ ಮೇಲೆ ಮೂಲೆಯಲ್ಲಿದ್ದ ಒಂದು ಕಪ್ಪು ರೆಕ್ಸಿನ್ ತುಂಡು ತೋರಿಸಿ, "ನೀನು ಪೇಪರ್ ಕೆಲಸದವನಲ್ವಾ, ಇದು ಹೊಲಿದು ಕೊಡಬಹುದಾ ಹೇಳಪ್ಪ" ಅಂದರು.

ವಿಷಯ ಇಷ್ಟು. ಇಬ್ಬರು ಹುಡುಗರು ಜೀಪಿನಲ್ಲಿ ಬಂದಿದ್ದರಂತೆ. ಕಾರಿನ ಕಿಟಕಿ ಮೇಲೆ ಕೂರೋ ಹಾಗೆ ಮರಳು ತುಂಬೋ ಚೀಲ ಬೇಕು ಅಂದರಂತೆ. ಎಂಟುನೂರು ರೂಪಾಯಿ ಅಡ್ವಾನ್ಸ್ ಕೊಟ್ಟಿದ್ದಾರೆ. ಕ್ಯಾಮೆರಾಗೆ ಇರಬೇಕು ಅಂತ ಅಣ್ಣ ಮೊದಲು ತಲೆ ಕೆಡಿಸಿಕೊಂಡಿಲ್ಲ. ಹೋಗುವಾಗ ಅವರಲ್ಲೊಬ್ಬ, "ಬೇಗ ಕೊಡಿ ಅಣ್ಣ, ಅಮಾವಾಸ್ಯೆ ಒಳಗೆ ಬೇಕು, ಕತ್ತಲೆ ಇದ್ದರೇ ಕೆಲಸ" ಅಂದನಂತೆ. ಕತ್ತಲಲ್ಲಿ ಯಾವ ಫೋಟೋ ತೆಗೀತಾರೆ ಅನ್ನೋ ಪ್ರಶ್ನೆ ಅಣ್ಣನ ತಲೆಯಲ್ಲಿ ಅವತ್ತಿನಿಂದ ಕೊರೀತಿದೆ.

ಅಣ್ಣನ ಪ್ರಶ್ನೆ ಒಂದು ಅಂಗಡಿಯದ್ದು ಮಾತ್ರ ಅಲ್ಲ. ವೆಲ್ಡಿಂಗ್ ಶಾಪು, ಲೈಟ್ ಫಿಟ್ಟಿಂಗ್ ಅಂಗಡಿ, ಬಾಡಿಗೆಗೆ ಗಾಡಿ ಕೊಡೋರು ಎಲ್ಲರಿಗೂ ಇದು ಬರಬಹುದು. ಅದಕ್ಕೇ ಸ್ವಲ್ಪ ವಿವರವಾಗಿ ಬರೀತಿದ್ದೀನಿ.

ಚೀಲ ತಪ್ಪಲ್ಲ

ಮೊದಲು ಒಂದು ವಿಷಯ ಸ್ಪಷ್ಟ ಆಗಲಿ. ಮರಳು ಚೀಲ ಹೊಲಿಯೋದು ಅಪರಾಧ ಅಲ್ಲ. ಬಂಡೀಪುರ, ಕಬಿನಿ ಸಫಾರಿಗೆ ಹೋಗುವ ಫೋಟೋಗ್ರಾಫರ್‌ಗಳು ದೊಡ್ಡ ಲೆನ್ಸ್ ಅಲುಗಾಡದಿರಲಿ ಅಂತ ಜೀಪಿನ ಅಂಚಿಗೆ ಕಾಳು ತುಂಬಿದ ಚೀಲ ಇಟ್ಟುಕೊಳ್ತಾರೆ. ಶೂಟಿಂಗ್ ರೇಂಜಿನಲ್ಲಿ ಗುರಿ ಅಭ್ಯಾಸ ಮಾಡೋರಿಗೂ ಚೀಲ ಬೇಕು. ಕಾಲೇಜು ಬಿಡೋಕೆ ಮುಂಚೆ ನಾನು ಎನ್‌ಸಿಸಿಯಲ್ಲಿದ್ದೆ. ಕ್ಯಾಂಪಿನಲ್ಲಿ ಪಾಯಿಂಟ್ ಟೂ ಟೂ ರೈಫಲ್ ಕೊಟ್ಟು, ನೆಲದ ಮೇಲೆ ಮಲಗಿಸಿ, ಮುಂದೆ ಮರಳು ಚೀಲ ಇಟ್ಟು ಹೊಡೆಸಿದ್ದರು. ಹಗಲು ಹೊತ್ತು, ಅಲುಗಾಡದ ನೆಲ, ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ, ಪಕ್ಕದಲ್ಲಿ ಹವಾಲ್ದಾರ್ ಸಾಹೇಬರು. ಇಷ್ಟೆಲ್ಲ ಇದ್ದೂ ನನ್ನ ಐದು ಗುಂಡಲ್ಲಿ ಎರಡು ಕಾಗದದ ಹೊರಗೆ ಹೋಗಿದ್ದವು.

ಅವತ್ತು ಗೊತ್ತಾಗಿದ್ದು, ಚೀಲ ಕೈ ನಡುಕವನ್ನ ಮಾತ್ರ ತಡೆಯುತ್ತೆ. ಬೇರೆ ಯಾವುದನ್ನೂ ತಡೆಯಲ್ಲ.

ಗಾಡಿಯಲ್ಲಿ ಆಸರೆ ಅನ್ನೋದು ಭ್ರಮೆ

ಗಾಡಿ ನೆಲ ಅಲ್ಲ. ಅದು ಸ್ಪ್ರಿಂಗ್ ಮೇಲೆ, ಗಾಳಿ ತುಂಬಿದ ಟೈರ್ ಮೇಲೆ ನಿಂತಿರೋ ಡಬ್ಬ. ಇಂಜಿನ್ ಆನ್ ಇದ್ದರೆ ಬಾಗಿಲು ನಡುಗುತ್ತೆ, ಆಫ್ ಮಾಡಿದರೂ ಹಿಂದಿನ ಸೀಟಲ್ಲಿ ಒಬ್ಬ ಮಗ್ಗುಲು ಬದಲಾಯಿಸಿದರೆ ಇಡೀ ಗಾಡಿ ತೂಗುತ್ತೆ. ಇಲ್ಲಿ ಒಂದು ಕೂದಲೆಳೆ ಅಲುಗಿದರೆ ನೂರು ಮೀಟರ್ ಆಚೆ ಅದು ಗೇಣುಗಟ್ಟಲೆ ಆಗುತ್ತೆ. ಚೀಲ ಮೆತ್ತಗಿರಲಿ ಗಟ್ಟಿಯಿರಲಿ, ಅದು ಕೂತಿರೋದು ಅಲುಗಾಡೋ ಬಾಗಿಲ ಮೇಲೆ ತಾನೇ.

ಇದರ ಫಲ ಪ್ರಾಣಿ ಅನುಭವಿಸುತ್ತೆ. ಸರ್ಚ್‌ಲೈಟ್ ಬಿದ್ದಾಗ ಜಿಂಕೆ, ಮೊಲ ಕಣ್ಣು ಕೋರೈಸಿ ಹಾಗೇ ನಿಂತುಬಿಡುತ್ತವೆ. ಕಾಣೋದು ಕೆಂಡದಂಥ ಎರಡು ಕಣ್ಣು ಮಾತ್ರ. ಗಂಡೋ ಹೆಣ್ಣೋ, ಹೊಟ್ಟೆಯಲ್ಲಿ ಮರಿ ಇದೆಯೋ, ಪಕ್ಕದಲ್ಲಿ ಇನ್ನೊಂದಿದೆಯೋ ಏನೂ ತಿಳಿಯಲ್ಲ. ಗುಂಡು ಕಾಲಿಗೋ ಹೊಟ್ಟೆಗೋ ತಗುಲಿ ಓಡಿಹೋದ ಪ್ರಾಣಿಯನ್ನ ಕತ್ತಲಲ್ಲಿ ಹುಡುಕಿಕೊಂಡು ಹೋಗೋರು ಯಾರು? ಅದು ದಿನಗಟ್ಟಲೆ ನರಳಿ ಸಾಯುತ್ತೆ.

ಎರಡನೇದು ಮನುಷ್ಯರ ವಿಷಯ. ಪಾಯಿಂಟ್ ಟೂ ಟೂ ಅಂದರೆ ಚಿಕ್ಕ ರೈಫಲ್. ಅದರ ಗುಂಡೂ ಒಂದು ಮೈಲಿಗಿಂತ ಆಚೆ ಹೋಗಿ ಅಪಾಯ ಮಾಡಬಲ್ಲದು. ಲೈಟಿನ ಬೆಳಕು ಅಷ್ಟು ದೂರ ಹೋಗಲ್ಲ. ಅಂದರೆ ಗುರಿ ತಪ್ಪಿದ ಗುಂಡು ಎಲ್ಲಿ ನಿಲ್ಲುತ್ತೆ ಅನ್ನೋದು ಹೊಡೆದವನಿಗೇ ಗೊತ್ತಿರಲ್ಲ. ಕನಕಪುರ, ಮಾಗಡಿ ಕಡೆ ರಾಗಿ ಹೊಲ, ಕಡ್ಲೇಕಾಯಿ ಹೊಲದಲ್ಲಿ ಹಂದಿ ಕಾಯೋಕೆ ಅಟ್ಟಣೆ ಹಾಕಿ ರೈತರು ರಾತ್ರಿ ಮಲಗಿರ್ತಾರೆ. ನಮ್ಮ ಏರಿಯಾದಲ್ಲಿ ಎಷ್ಟೋ ಮನೆಯವರ ಊರು ಅದೇ. ಕಾಡುಹಂದಿ ಅಂತ ಮನುಷ್ಯನಿಗೇ ಗುಂಡು ಹೊಡೆದ ಸುದ್ದಿ ಮಲೆನಾಡು, ಕೊಡಗಿನ ಕಡೆಯಿಂದ ಆಗಾಗ ಬರ್ತಾನೇ ಇರುತ್ತೆ.

ಬೇಟೆಗೆ ಲೈಸೆನ್ಸ್ ಇದ್ದ ಕಾಲದಲ್ಲೂ ಇದು ನಿಷಿದ್ಧ

"ಹಿಂದೆ ಎಲ್ಲರೂ ಶಿಕಾರಿ ಮಾಡ್ತಿದ್ದರು, ಈಗ ಕಾನೂನು ಅತಿಯಾಯ್ತು" ಅನ್ನೋ ಮಾತು ಟೀ ಅಂಗಡಿಯಲ್ಲಿ ಕೇಳ್ತೀವಿ. ಅರ್ಧ ನಿಜ. ಬೆಂಗಳೂರು ಬೇಟೆಗಾರರ ಊರಾಗಿತ್ತು. 1974ರಲ್ಲಿ ತೀರಿಕೊಂಡ ಕೆನೆತ್ ಆಂಡರ್ಸನ್ ಇಲ್ಲೇ ಇದ್ದವರು. ಅವರ ಮಾಗಡಿ ಚಿರತೆ, ಜಾಲಹಳ್ಳಿ ಚಿರತೆ ಕಥೆಗಳನ್ನ ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದಿದ್ದರಿಂದ ನಾವೆಲ್ಲ ಓದಿದ್ದೀವಿ. ಆದರೆ ಅವರು ಬೆನ್ನು ಹತ್ತಿದ್ದು ಹೆಚ್ಚಾಗಿ ಜನರನ್ನ, ದನಗಳನ್ನ ಕೊಂದ ಪ್ರಾಣಿಗಳನ್ನ. ಮರದ ಮೇಲೆ ಅಟ್ಟಣೆ ಕಟ್ಟಿ ರಾತ್ರಿಯೆಲ್ಲ ಕಾಯ್ತಿದ್ದರು.

ಕಾನೂನು ನೋಡಿದರೆ ಇನ್ನೂ ಸ್ಪಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಲೈಸೆನ್ಸ್ ಪಡೆದು ಬೇಟೆ ಆಡೋಕೆ ಇನ್ನೂ ಅವಕಾಶ ಇತ್ತು. ಆ ಕಾಯ್ದೆಯ 17ನೇ ಸೆಕ್ಷನ್ನು ಲೈಸೆನ್ಸ್ ಇದ್ದವರೂ ಏನು ಮಾಡಬಾರದು ಅಂತ ಪಟ್ಟಿ ಕೊಟ್ಟಿತ್ತು. ಗಾಡಿಯಿಂದ ಹೊಡೆಯಬಾರದು. ಲೈಟ್ ಹಾಕಿ ಹೊಡೆಯಬಾರದು. ಸೂರ್ಯ ಮುಳುಗಿದ ಮೇಲೆ ಹುಟ್ಟೋವರೆಗೆ ಹೊಡೆಯಬಾರದು. ಲೈಟು ಮತ್ತು ರಾತ್ರಿಗೆ ಇದ್ದ ವಿನಾಯಿತಿ ಒಂದೇ: ಕೊಂದ ಬೇಟೆಯ ಬಳಿಗೆ ವಾಪಸ್ ಬರೋ ಮಾಂಸಾಹಾರಿ ಪ್ರಾಣಿಗೆ, ಅದೂ ವಿಶೇಷ ಅನುಮತಿ ಇದ್ದರೆ. ಗಾಡಿಗೆ ಆ ವಿನಾಯಿತಿಯೂ ಇರಲಿಲ್ಲ.

ಅಂದರೆ ಬೇಟೆ ಕಾನೂನುಬದ್ಧವಾಗಿದ್ದಾಗಲೇ ಗಾಡಿ, ಲೈಟು, ರಾತ್ರಿ ಈ ಮೂರನ್ನೂ ತಪ್ಪು ಅಂತ ಬರೆದಿಟ್ಟಿದ್ದರು. ಇವತ್ತಿನ ಹುಡುಗರು ಮಾಡ್ತಿರೋದು ಆ ಮೂರನ್ನೂ ಒಟ್ಟಿಗೆ. ಅಜ್ಜನ ಕಾಲದ ಶಿಕಾರಿಗೆ ಇದನ್ನ ಹೋಲಿಸೋದು ಅಜ್ಜಂದಿರಿಗೇ ಅವಮಾನ.

1991ರ ತಿದ್ದುಪಡಿಯಲ್ಲಿ ಬೇಟೆ ಲೈಸೆನ್ಸೇ ಹೋಯ್ತು, ಅದರ ಜೊತೆ 17ನೇ ಸೆಕ್ಷನ್ನೂ ಹೋಯ್ತು. ಈಗ 9ನೇ ಸೆಕ್ಷನ್ ಪ್ರಕಾರ ಬೇಟೆ ಪೂರ್ತಿ ನಿಷೇಧ. ಕೃಷ್ಣಮೃಗ, ಜಿಂಕೆಯಷ್ಟೇ ಅಲ್ಲ, ಮೊಲ, ಕಾಡುಹಂದಿ ಕೂಡ ಪಟ್ಟಿಯಲ್ಲಿವೆ. ಇನ್ನೊಂದು ಮಾತು: ಕಾಯ್ದೆಯಲ್ಲಿ 'ಬೇಟೆ' ಅಂದರೆ ಕೊಲ್ಲೋದು ಮಾತ್ರ ಅಲ್ಲ, ಪ್ರಯತ್ನವೂ ಬೇಟೆಯೇ. ಗುಂಡು ತಾಗಲಿಲ್ಲ ಸಾರ್ ಅನ್ನೋ ವಾದ ನಡೆಯಲ್ಲ.

ಸಿಕ್ಕಿಬೀಳೋರು ಯಾರು?

2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಾಮಾನ್ಯ ಪ್ರಕರಣಕ್ಕೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಮೊದಲ ಅನುಸೂಚಿಯ ಪ್ರಾಣಿಯಾಗಿದ್ದರೆ, ಅಥವಾ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗೆ ಬೇಟೆ ಆಡಿದ್ದರೆ, ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ, ದಂಡ 25 ಸಾವಿರಕ್ಕೆ ಕಮ್ಮಿ ಇಲ್ಲ. ಗವಿಪುರದಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿರೋ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ. ಕನಕಪುರ ದಾಟಿದರೆ ಕಾವೇರಿ ವನ್ಯಜೀವಿ ಧಾಮ. ಕತ್ತಲಲ್ಲಿ ಗಡಿ ಎಲ್ಲಿ ಶುರುವಾಯ್ತು ಅಂತ ಯಾರು ನೋಡ್ತಾರೆ?

ಗಾಡಿ ಕೊಡೋರು 39ನೇ ಸೆಕ್ಷನ್ ಓದಿಕೊಳ್ಳಬೇಕು. ಅಪರಾಧಕ್ಕೆ ಬಳಸಿ ಜಪ್ತಿಯಾದ ವಾಹನ, ಆಯುಧ, ಸಲಕರಣೆ ಸರ್ಕಾರದ ಆಸ್ತಿ ಅಂತ ಅದರಲ್ಲಿದೆ. ಬಿಡಿಸಿಕೊಳ್ಳೋಕೆ ಕೋರ್ಟು ಅಲೀಬೇಕು. ಲೋನ್ ಕಟ್ಟುತ್ತಿರೋ ಗಾಡಿ ಸ್ಟೇಷನ್ ಮುಂದೆ ತುಕ್ಕು ಹಿಡೀತಿದ್ದರೆ ಕಂತು ನಿಲ್ಲುತ್ತಾ?

ಅಂಗಡಿಯೋರು 52ನೇ ಸೆಕ್ಷನ್ ನೋಡಬೇಕು. ಕುಮ್ಮಕ್ಕು ಕೊಟ್ಟವನೂ ಅಪರಾಧ ಮಾಡಿದವನೇ ಅನ್ನುತ್ತೆ ಅದು. ಗೊತ್ತಿಲ್ಲದೆ ಹೊಲಿದು ಕೊಟ್ಟರೆ ಕುಮ್ಮಕ್ಕು ಆಗಲ್ಲ. ಬೇಟೆಗೆ ಅಂತ ಗೊತ್ತಿದ್ದೂ ಮಾಡಿಕೊಟ್ಟರೆ ಕಥೆ ಬೇರೆ. ವ್ಯತ್ಯಾಸ ಇರೋದು 'ಗೊತ್ತಿದ್ದೂ' ಅನ್ನೋ ಒಂದೇ ಪದದಲ್ಲಿ.

ಕೇಸು ಎಷ್ಟು ವರ್ಷ ಎಳೆಯುತ್ತೆ ಅನ್ನೋಕೆ ಇಡೀ ದೇಶಕ್ಕೆ ಗೊತ್ತಿರೋ ಉದಾಹರಣೆ ಜೋಧಪುರದ್ದು. 1998ರ ಅಕ್ಟೋಬರ್‌ನಲ್ಲಿ ಕಂಕಾಣಿ ಹಳ್ಳಿ ಹತ್ತಿರ ಎರಡು ಕೃಷ್ಣಮೃಗ ಸತ್ತ ಕೇಸಿನಲ್ಲಿ ನಟ ಸಲ್ಮಾನ್ ಖಾನ್‌ಗೆ ಕೋರ್ಟು ಐದು ವರ್ಷ ಶಿಕ್ಷೆ ಕೊಟ್ಟಿದ್ದು 2018ರ ಏಪ್ರಿಲ್ 5ಕ್ಕೆ. ಎರಡು ದಿನದಲ್ಲಿ ಜಾಮೀನು ಸಿಕ್ಕಿತು, ಮೇಲ್ಮನವಿ ಹಾಕಿದರು. ಅದೂ ರಾತ್ರಿ, ಅದೂ ಜಿಪ್ಸಿ ಗಾಡಿ. ಅಷ್ಟು ದೊಡ್ಡ ನಟನನ್ನ ಇಪ್ಪತ್ತು ವರ್ಷ ಕೋರ್ಟು ಮೆಟ್ಟಿಲು ಹತ್ತಿಸಿದ್ದು ಬಿಷ್ಣೋಯಿ ಹಳ್ಳಿಗರ ಸಾಕ್ಷಿ. ನಮ್ಮ ಹುಡುಗರಿಗೆ ಅವನ ಹಾಗೆ ವಕೀಲರನ್ನ ಇಡೋಕೆ ಆಗುತ್ತಾ?

ರೈತರ ಮಾತೂ ಇದೆ

ಇನ್ನೊಂದು ಕಡೆಯನ್ನೂ ಹೇಳಬೇಕು. ಹಂದಿ ಕಾಟ ಸುಳ್ಳಲ್ಲ. ಆರು ತಿಂಗಳ ಬೆಳೆ ಒಂದು ರಾತ್ರಿಯಲ್ಲಿ ಹೋಗುತ್ತೆ, ಪರಿಹಾರದ ದುಡ್ಡು ನಿಧಾನ. "ನಾವು ರೈತರಿಗೆ ಸಹಾಯ ಮಾಡ್ತಿದ್ದೀವಿ" ಅಂತ ಸಿಟಿಯಿಂದ ಹೋಗೋ ಶಿಕಾರಿ ಗ್ಯಾಂಗುಗಳು ಹೇಳೋದು ಇದೇ ಕಾರಣಕ್ಕೆ.

ಅದಕ್ಕೂ ಕಾನೂನಿನಲ್ಲಿ ದಾರಿ ಇದೆ. ಎರಡನೇ ಅನುಸೂಚಿಯ ಪ್ರಾಣಿ ಬೆಳೆಗೆ ಅಪಾಯವಾದರೆ 11ನೇ ಸೆಕ್ಷನ್ ಅಡಿ ಮುಖ್ಯ ವನ್ಯಜೀವಿ ಪಾಲಕರು ಲಿಖಿತ ಅನುಮತಿ ಕೊಡಬಹುದು. ಕೇರಳ 2022ರಲ್ಲಿ ಕಾಡುಹಂದಿ ಹೊಡೆಸುವ ಅಧಿಕಾರವನ್ನ ಪಂಚಾಯ್ತಿ, ನಗರಸಭೆ ಮುಖ್ಯಸ್ಥರಿಗೇ ಕೊಟ್ಟಿತು. ನಮ್ಮಲ್ಲೂ ಹಾಗೆ ಆಗಲಿ ಅಂತ ಒತ್ತಾಯ ಮಾಡೋಕೆ ರೈತರಿಗೆ ಹಕ್ಕಿದೆ. ಅದು ಬಹಿರಂಗವಾಗಿ ಚರ್ಚೆ ಆಗಬೇಕಾದ ವಿಷಯ. ಆದರೆ ಬೆಳೆ ಕಾಪಾಡೋಕೆ ಅಂತ ಪಡೆದ ಬಂದೂಕಿನ ಲೈಸೆನ್ಸು ಬೇಟೆ ಲೈಸೆನ್ಸ್ ಅಲ್ಲ. ಕೊಡವರಿಗೆ ಕೋವಿ ಇಟ್ಟುಕೊಳ್ಳೋಕೆ ಲೈಸೆನ್ಸಿಂದ ವಿನಾಯಿತಿ ಇದೆ, ಕೈಲ್ ಪೊಳ್ದ್ ಹಬ್ಬಕ್ಕೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಹೊಡೀತಾರೆ. ಅವರಿಗೂ ಬೇಟೆಗೆ ವಿನಾಯಿತಿ ಇಲ್ಲ.

ಯಾರಿಗೂ ಹೇಳದೆ ಅಮಾವಾಸ್ಯೆ ರಾತ್ರಿ ಹೋಗಿ, ಮಾಂಸ ಡಿಕ್ಕಿಯಲ್ಲಿ ಹಾಕಿಕೊಂಡು ಬರೋದು ರೈತರಿಗೆ ಸಹಾಯ ಹೇಗಾಗುತ್ತೆ?

ಮೊಬೈಲ್ ವಿಡಿಯೋ ಹೇಳದ ಮಾತು

ಈ ಚೀಲದ ಐಡಿಯಾ ಬಂದಿರೋದು ಮೊಬೈಲಿಂದ. ಆಸ್ಟ್ರೇಲಿಯಾದಲ್ಲಿ ಗಾಡಿ ಮೇಲೆ ಲೈಟ್ ಕಟ್ಟಿ, ರೈಫಲ್‌ಗೆ ಆಸರೆ ಇಟ್ಟು ರಾತ್ರಿ ಹೊಡೆಯೋ ವಿಡಿಯೋಗಳು ಬೇಕಾದಷ್ಟಿವೆ. ಅಲ್ಲಿ ವೃತ್ತಿಗಾಗಿ ಕಾಂಗರೂ ಹೊಡೆಯೋರಿಗೆ ಲೈಸೆನ್ಸ್ ಇರುತ್ತೆ, ಗುರಿ ಪರೀಕ್ಷೆ ಪಾಸಾಗಿರಬೇಕು, ಪ್ರಾಣಿ ನರಳಬಾರದು ಅಂತ ತಲೆಗೇ ಹೊಡೆಯಬೇಕು ಅನ್ನೋ ನಿಯಮ ಇದೆ. ವಿಡಿಯೋದಲ್ಲಿ ಕಾಣೋದು ಚೀಲ, ಲೈಟು, ಗುಂಡು. ಲೈಸೆನ್ಸು, ಪರೀಕ್ಷೆ, ಖಾಲಿ ಬಯಲು ಕಾಣಲ್ಲ. ಅಲ್ಲಿ ಅದು ಕೆಲಸ, ಇಲ್ಲಿ ಕಳ್ಳತನ.

2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ವಿಷಕ್ಕೆ ತಾಯಿ ಹುಲಿ ಮತ್ತು ನಾಲ್ಕು ಮರಿ ಸತ್ತಾಗ ಇಡೀ ರಾಜ್ಯ ಮಾತಾಡಿತು. ಹುಲಿ ಸತ್ತರೆ ಸುದ್ದಿ. ಮಾಗಡಿ ರೋಡಿನ ಪಕ್ಕ ಒಂದು ಮೊಲ, ಒಂದು ಜಿಂಕೆ ಸತ್ತರೆ ಸುದ್ದಿ ಆಗಲ್ಲ. ಆದರೆ ಕಾಡು ಖಾಲಿಯಾಗೋದು ಹೀಗೆ ಒಂದೊಂದಾಗಿ ಹೋದಾಗಲೇ. ಜಿಂಕೆ, ಹಂದಿ ಕಮ್ಮಿಯಾದರೆ ಚಿರತೆ ಊರ ನಾಯಿ ಹುಡುಕಿಕೊಂಡು ಬರುತ್ತೆ. 2023ರ ನವೆಂಬರ್ 1ಕ್ಕೆ ಕೂಡ್ಲು ಹತ್ತಿರ ಚಿರತೆ ಗುಂಡೇಟಿಗೆ ಸತ್ತಿದ್ದು ನೆನಪಿದೆಯಲ್ವಾ?

ಅಂಗಡಿಯೋರು ಏನು ಮಾಡಬಹುದು?

ಯಾರನ್ನೂ ಹಿಡಿದು ಕೊಡಿ, ಜಗಳ ಆಡಿ ಅಂತ ಹೇಳ್ತಿಲ್ಲ. ಮೂರು ಕೆಲಸ ಸಾಕು. ಇಂಥ ವಿಚಿತ್ರ ಆರ್ಡರ್ ಬಂದರೆ "ಯಾತಕ್ಕಪ್ಪ ಇದು" ಅಂತ ಒಂದು ಮಾತು ಕೇಳಿ. ಫೋಟೋಗ್ರಾಫರ್ ಆದರೆ ಖುಷಿಯಿಂದ ಕ್ಯಾಮೆರಾ ತೋರಿಸ್ತಾನೆ. ಎರಡು, ಬಿಲ್ಲಿನಲ್ಲಿ ಹೆಸರು, ಫೋನ್ ನಂಬರ್ ಬರೆದುಕೊಳ್ಳಿ. ಕಳ್ಳ ಕೆಲಸಕ್ಕೆ ಬಂದವನು ಅಲ್ಲೇ ಜಾಗ ಖಾಲಿ ಮಾಡ್ತಾನೆ. ಮೂರು, ಬೇಟೆಗೆ ಅಂತ ಗೊತ್ತಾದರೆ ಮಾಡಿಕೊಡಬೇಡಿ, ಅರಣ್ಯ ಸಹಾಯವಾಣಿ 1926ಕ್ಕೆ ಅಥವಾ 112ಕ್ಕೆ ತಿಳಿಸಿ.

ನಿನ್ನೆ ಮತ್ತೆ ಆ ಅಂಗಡಿಗೆ ಹೋಗಿದ್ದೆ. ಹುಡುಗರು ಬಂದಿದ್ದರಂತೆ. ಅಣ್ಣ ನೇರವಾಗಿ, "ಕ್ಯಾಮೆರಾ ತಗೊಂಡು ಬನ್ರಪ್ಪ, ಅಳತೆ ನೋಡಿ ಹೊಲೀತೀನಿ" ಅಂದರಂತೆ. ಅವರು ಮುಖ ಮುಖ ನೋಡಿಕೊಂಡರು, ಕ್ಯಾಮೆರಾ ತರಲಿಲ್ಲ. ಅಣ್ಣ ಎಂಟುನೂರು ರೂಪಾಯಿ ವಾಪಸ್ ಕೊಟ್ಟರು.

"ಬೇರೆ ಅಂಗಡಿಗೆ ಹೋಗ್ತಾರೆ ಅಲ್ವಾ ಅಣ್ಣ" ಅಂದೆ.

"ಹೋಗಲಿ ಬಿಡಪ್ಪ. ಅವರೂ ಯಾತಕ್ಕೆ ಅಂತ ಕೇಳಿದರೆ ಆಯ್ತು" ಅಂದರು. ಆ ರೆಕ್ಸಿನ್ ತುಂಡು ಈಗ ಯಾವುದೋ ಆಟೋದ ಸೀಟಾಗಿದೆ.